ಗ್ರಂಥಾಲಯದ ಬಾಗಿಲಲ್ಲಿ ನಿಂತ ಮಕ್ಕಳು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ತೆರಕಣಾಂಬಿಯ ಹೆಸರು ಕೇಳಿದೊಡನೆ ಇಂದಿನವರಿಗೆ ನೆನಪಾಗುವುದು ಸುತ್ತಲಿನ ಹೊಲಗಳಲ್ಲಿ ಬೆಳೆಯುವ ಅರಿಶಿನ, ಸೂರ್ಯಕಾಂತಿ ಮತ್ತು ಚೆಂಡುಹೂವು. ಕನ್ನಡ ಸಾಹಿತ್ಯ ಚರಿತ್ರೆಯನ್ನು ಓದಿದವರಿಗಾದರೋ ಇನ್ನೊಂದು ಹೆಸರು ನೆನಪಾಗುತ್ತದೆ. 15ನೆಯ ಶತಮಾನದಲ್ಲಿ 'ಸನತ್ಕುಮಾರ ಚರಿತೆ'ಯನ್ನು ಬರೆದ ಜೈನ ಕವಿ ಬೊಮ್ಮರಸನನ್ನು ಸಾಹಿತ್ಯ ಚರಿತ್ರೆಕಾರರು ಊರಿನ ಹೆಸರು ಸೇರಿಸಿ ತೆರಕಣಾಂಬಿ ಬೊಮ್ಮರಸನೆಂದೇ ಕರೆಯುತ್ತಾರೆ. ಒಂದು ಊರಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ.

ಆ ಕಾವ್ಯವನ್ನು ಆ ಕಾಲದಲ್ಲಿ ಎಷ್ಟು ಜನ ಕಣ್ಣಿನಿಂದ ಓದಿರಬಹುದು? ಓಲೆಗರಿಯ ಕಟ್ಟನ್ನು ಬಿಚ್ಚಿ ಅಕ್ಷರ ಕೂಡಿಸಿ ಓದಬಲ್ಲವರು ಊರಿಗೆ ಒಬ್ಬರೋ ಇಬ್ಬರೋ ಇದ್ದಿರಬೇಕು. ಉಳಿದವರೆಲ್ಲರೂ ಕೇಳಿದವರೇ. ಒಬ್ಬರು ರಾಗವಾಗಿ ಓದುವುದು, ಮತ್ತೊಬ್ಬರು ಅರ್ಥ ಹೇಳುವುದು, ಊರೆಲ್ಲ ಕುಳಿತು ಆಲಿಸುವುದು ನಮ್ಮ ನಾಡಿನ ಓದಿನ ಕ್ರಮವಾಗಿತ್ತು. ನಮ್ಮ ಮಠಗಳಲ್ಲಿ ಶ್ರಾವಣ ಮಾಸದ ಪುರಾಣ ಪ್ರವಚನವು ಇಂದಿಗೂ ಈ ಕ್ರಮದಲ್ಲಿಯೇ ನಡೆಯುತ್ತದೆ. ಈ ಸೀಮೆಯಲ್ಲಂತೂ ದೇವರಗುಡ್ಡರು ಕಂಸಾಳೆ ಹಿಡಿದು ಮಲೆಯ ಮಾದಪ್ಪನ ಕಥೆಯನ್ನು, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಸಿದ್ಧಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುತ್ತಿದ್ದರು. ಆ ಜಗುಲಿಯ ಮೇಲೆ ಕಣ್ಣಿಲ್ಲದ ಮುದುಕನೂ ಇರುತ್ತಿದ್ದ, ಅಜ್ಜಿಯ ತೊಡೆಯ ಮೇಲೆ ಕಾಲು ಸ್ವಾಧೀನವಿಲ್ಲದ ಮಗುವೂ ಇರುತ್ತಿತ್ತು. ಕಥೆಯು ಅವರನ್ನು ಬೇರೆಯಾಗಿ ನೋಡುತ್ತಿರಲಿಲ್ಲ. ಏಕೆಂದರೆ ಅಂದು ಊರಿಗೆ ಊರೇ ಅಕ್ಷರವನ್ನು ಕಣ್ಣಿನಿಂದ ಓದಲಾರದ ಸ್ಥಿತಿಯಲ್ಲಿತ್ತು.

ಶಾಲೆಗಳು ಬಂದವು, ಅಚ್ಚಿನ ಪುಸ್ತಕ ಬಂದಿತು, ಗ್ರಂಥಾಲಯಗಳು ಬಂದವು. ಇವೆಲ್ಲವೂ ನಮ್ಮ ಪುಣ್ಯದಿಂದ ಬಂದ ಭಾಗ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಓದು ಎಂಬುದು ಕಿವಿಯ ಕೆಲಸವಾಗಿದ್ದುದು ಕಣ್ಣಿನ ಕೆಲಸವಾಯಿತು, ಕೂಡಿ ಮಾಡುವ ಕೆಲಸವಾಗಿದ್ದುದು ಒಬ್ಬೊಬ್ಬರೇ ಮೌನವಾಗಿ ಮಾಡುವ ಕೆಲಸವಾಯಿತು. ನಮ್ಮಲ್ಲಿ ಬಹುಮಂದಿ ಹೊಸ ಬಾಗಿಲಿನಿಂದ ಒಳಗೆ ಹೋದೆವು. ಕಣ್ಣು, ಕಿವಿ, ಕೈಕಾಲು, ಬುದ್ಧಿ ಇವುಗಳಲ್ಲಿ ಯಾವುದೋ ಒಂದು ಎಲ್ಲರಂತಿಲ್ಲದ ಕೆಲವು ಮಕ್ಕಳು ಮಾತ್ರ ಹಳೆಯ ಜಗುಲಿಯೂ ಇಲ್ಲದೆ, ಹೊಸ ಬಾಗಿಲೂ ತೆರೆಯದೆ ಹೊರಗೆ ಉಳಿದರು. ಅವರ ವಿಚಾರವನ್ನು ಈ ಮಾಸಪತ್ರಿಕೆಯ ಓದುಗ ಬಂಧುಗಳ ಮುಂದೆ ಇಡಬೇಕೆಂಬುದು ನನ್ನ ಬಹುದಿನದ ಬಯಕೆ. ಅದಕ್ಕೆ ಎರಡು ಕಾರಣಗಳುಂಟು. ಒಂದು ಹಳೆಯದು, ಇನ್ನೊಂದು ಕಳೆದ ವರ್ಷದ್ದು.

ಹಳೆಯದನ್ನು ಮೊದಲು ಹೇಳುತ್ತೇನೆ. 1974ರ ಸುಮಾರಿಗೆ ನಾನು ಮಠದ ವಿದ್ಯಾರ್ಥಿನಿಲಯದಲ್ಲಿ ಓದುತ್ತಿದ್ದ ಬಾಲಕ. ನನಗಿಂತ ಐದಾರು ವರ್ಷ ಹಿರಿಯರಾದ ಒಬ್ಬರು ಅಲ್ಲಿದ್ದರು. ನಾವೆಲ್ಲ ಅವರನ್ನು ಅಣ್ಣನವರೆಂದು ಕರೆಯುತ್ತಿದ್ದೆವು. ಸಿಡುಬಿನಲ್ಲಿ ಎಳೆತನದಲ್ಲಿಯೇ ಎರಡು ಕಣ್ಣುಗಳನ್ನೂ ಕಳೆದುಕೊಂಡಿದ್ದರು. ಸಾಮೂಹಿಕ ಪ್ರಾರ್ಥನೆಯಲ್ಲಿ ಒಮ್ಮೆ ಕೇಳಿದ ವಚನವನ್ನು ಎರಡನೆಯ ದಿನ ತಪ್ಪಿಲ್ಲದೆ ಹೇಳುತ್ತಿದ್ದರು. ರಾತ್ರಿ ಪ್ರಸಾದವಾದ ಮೇಲೆ ಅವರಿಗೆ ಪುಸ್ತಕ ಓದಿ ಹೇಳುವ ಕೆಲಸವನ್ನು ಹಿರಿಯರು ನನಗೆ ವಹಿಸಿದ್ದರು. ಮೊದಲ ಕೆಲವು ತಿಂಗಳು ಶ್ರದ್ಧೆಯಿಂದ ಓದಿದೆ. ಆಮೇಲೆ ನಿದ್ದೆ ಎಳೆಯುತ್ತಿದ್ದ ರಾತ್ರಿಗಳಲ್ಲಿ ಎರಡು ಪುಟಗಳನ್ನು ಒಟ್ಟಿಗೆ ಮಗುಚುವ ಕಳ್ಳತನವನ್ನು ಕಲಿತೆ. ಕಾಣದವರಿಗೆ ತಿಳಿಯುವುದಾದರೂ ಹೇಗೆ ಎಂಬುದು ನನ್ನ ಲೆಕ್ಕ.

ಒಂದು ರಾತ್ರಿ ಅವರು ಮೆಲ್ಲಗೆ, "ತಮ್ಮಾ, ಎರಡು ಹಾಳೆ ತಿರುವಿದ ಸದ್ದು ಒಂದು ಹಾಳೆಯ ಸದ್ದಿಗಿಂತ ದಪ್ಪವಾಗಿರುತ್ತದೆ" ಎಂದರು. ನಾನು ಮಾತಿಲ್ಲದೆ ಕುಳಿತೆ. ಅವರು ಬೈಯಲಿಲ್ಲ. "ಇಷ್ಟು ದಿನ ಹೇಳಲಿಲ್ಲ, ನೀನೂ ಓದುವುದನ್ನು ಬಿಟ್ಟರೆ ನನಗೆ ಯಾರಿದ್ದಾರೆ" ಎಂದು ಸೇರಿಸಿದರು. ಐವತ್ತು ವರ್ಷಗಳು ಕಳೆದರೂ ಆ ಎರಡನೆಯ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಓದಿದ್ದಷ್ಟೇ ಅವರ ಪುಸ್ತಕವಾಗಿತ್ತು. ನನ್ನ ನಿದ್ದೆ, ನನ್ನ ಬೇಸರ, ನನ್ನ ಕಳ್ಳತನ ಇವೆಲ್ಲ ಅವರ ಓದಿನ ಎಲ್ಲೆಗಳಾಗಿದ್ದವು. ಅಂಧರಿಗೂ ಕಿವುಡರಿಗೂ ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಶಾಲೆ ಆರಂಭವಾಗಿತ್ತು. ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಅವರು ಕಲಿಯಬಹುದಾಗಿತ್ತು. ಅವರ ಮನೆಯವರಿಗೆ ಅದನ್ನು ಹೇಳಿದವರಿಲ್ಲ. ನಮಗೂ ಹೊಳೆಯಲಿಲ್ಲ. ಅವರು ಲಿಂಗೈಕ್ಯರಾಗಿ ಈಗ ಕೆಲವು ವರ್ಷಗಳಾದವು. ನೂರಾರು ವಚನಗಳು ಅವರ ನಾಲಗೆಯ ಮೇಲಿದ್ದವು. ಒಂದು ಪುಸ್ತಕವನ್ನಾದರೂ ತಾವಾಗಿಯೇ ಓದಿ ಮುಗಿಸುವ ಸುಖ ಅವರಿಗೆ ದೊರೆಯಲಿಲ್ಲ.

ಇನ್ನು ಕಳೆದ ವರ್ಷದ ಸಂಗತಿ. ಕಾರ್ತಿಕದಲ್ಲಿ ತೆರಕಣಾಂಬಿಯ ಕಡೆಯ ಒಂದು ಹಳ್ಳಿಯ ಭಕ್ತರ ಮನೆಗೆ ಗೃಹಪ್ರವೇಶಕ್ಕಾಗಿ ಹೋಗಿದ್ದೆ. ಪೂಜೆ ಪ್ರಸಾದಗಳಾದ ಮೇಲೆ ಹಜಾರದಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದೆ. ಕಥೆಯಲ್ಲಿ ನಗಬೇಕಾದ ಜಾಗ ಬಂದಿತು. ಎದುರಿನ ಮಕ್ಕಳು ನಗುವ ಮೊದಲೇ ಒಳಕೋಣೆಯಿಂದ ಒಂದು ನಗು ಕೇಳಿಸಿತು. ಇನ್ನೊಮ್ಮೆಯೂ ಹಾಗೆಯೇ ಆಯಿತು. ವಿಚಾರಿಸಿದಾಗ, ಆ ಮನೆಯ ಒಂಬತ್ತು ವರ್ಷದ ಹೆಣ್ಣುಮಗುವನ್ನು ನೆಂಟರು ಬರುವ ದಿನವೆಂದು ಒಳಗೆ ಮಲಗಿಸಿದ್ದರು. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳ ಹಿಡಿತವೂ ಮಾತಿನ ಹಿಡಿತವೂ ಇಲ್ಲದ ಮಗು ಅದು. ವೈದ್ಯರು ಇದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ.

ಅಜ್ಜಿ ನನಗೆ ಸಮಾಧಾನ ಹೇಳುವಂತೆ, "ಅದ್ಕೇನ್ ತಿಳ್ದದು ಬುದ್ಧಿ, ಸುಮ್ನೆ ನಗ್ತದ" ಎಂದರು.

ಕಥೆಯಲ್ಲಿ ಎಲ್ಲಿ ನಗಬೇಕೆಂಬುದು ತಿಳಿಯದ ದೊಡ್ಡವರನ್ನು ನಾನು ಸಾಕಷ್ಟು ನೋಡಿದ್ದೇನೆ. ಈ ಮಗುವಿಗೆ ತಿಳಿದಿತ್ತು. ಅಜ್ಜಿಗೆ ಆ ಮಾತನ್ನು ಹೇಳಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಗ ಮಗುವಿನ ತಂದೆ ಬಾಯಿಬಿಟ್ಟರು. ಮಗಳಿಗೆ ಕಥೆಯ ಹುಚ್ಚು. ಅವಳ ಅಣ್ಣ ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಓದಿ ಹೇಳುತ್ತಾನೆ. ಒಮ್ಮೆ ತಂದೆಯೇ ಅವಳನ್ನು ಎತ್ತಿಕೊಂಡು ಗ್ರಂಥಾಲಯಕ್ಕೆ ಹೋದರಂತೆ. ಅದು ಯಾವ ಊರಿನದೆಂಬುದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳವರು ಇದು ತಮ್ಮ ಮಾತಲ್ಲವೆಂದು ನಿಶ್ಚಿಂತರಾಗುತ್ತಾರೆ. ಮೂರು ಮೆಟ್ಟಿಲು ಹತ್ತಿ ಒಳಗೆ ಹೋದರು. ಗೋಡೆಯ ತುಂಬ ಪುಸ್ತಕಗಳನ್ನು ಕಂಡ ಮಗು ಸಂತೋಷದಿಂದ ಕೂಗಿತು. ಪತ್ರಿಕೆ ಓದುತ್ತಿದ್ದ ಒಬ್ಬರು ತಲೆಯೆತ್ತಿ ಗೋಡೆಯ ಮೇಲಿದ್ದ 'ನಿಶ್ಶಬ್ದ' ಎಂಬ ಫಲಕವನ್ನು ತೋರಿಸಿದರು. "ಅವತ್ತೇ ಕೊನೆ ಬುದ್ಧಿ" ಎಂದರು ತಂದೆ.

ಗ್ರಂಥಾಲಯವನ್ನು ಎಲ್ಲ ಮಕ್ಕಳದೂ ಆಗಿ ಮಾಡಬೇಕೆಂದಾಗ ನಮ್ಮ ಅಧಿಕಾರಿಗಳಿಗೆ ಮೊದಲು ನೆನಪಾಗುವುದು ಇಳಿಜಾರು ದಾರಿ. ಅದು ಬೇಕು, ನಿಜ. ಅದರಲ್ಲಿಯೂ ಲೆಕ್ಕ ತಪ್ಪುವುದುಂಟು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ನಿಯಮ. ಆರಾರು ಅಂಗುಲದ ಮೂರು ಮೆಟ್ಟಿಲುಗಳಿದ್ದರೆ ಒಂದೂವರೆ ಅಡಿ ಎತ್ತರವಾಯಿತು. ಇಳಿಜಾರು ಹದಿನೆಂಟು ಅಡಿ ಉದ್ದವಿರಬೇಕು. ಆರೇಳು ಅಡಿಯಲ್ಲಿ ಮುಗಿಸಿದ ಇಳಿಜಾರು ಗಾಲಿಕುರ್ಚಿಗೆ ಜಾರುಬಂಡೆಯೇ ಸರಿ. ಮಳೆ ಬಂದರೆ ನಡೆಯಬಲ್ಲವರೂ ಅದರ ಮೇಲೆ ಬೀಳುತ್ತಾರೆ. ಆದರೆ ನಾನು ಕಂಡ ಆ ಮಗುವನ್ನು ಹಿಂದಕ್ಕೆ ಕಳುಹಿಸಿದ್ದು ಮೆಟ್ಟಿಲುಗಳಲ್ಲ. ಮೆಟ್ಟಿಲನ್ನು ತಂದೆಯ ತೋಳುಗಳು ದಾಟಿಸಿದ್ದವು. ಗೋಡೆಯ ಮೇಲಿನ ಆ ಫಲಕವನ್ನು ದಾಟಿಸಲು ಯಾರೂ ಇರಲಿಲ್ಲ.

ನಿಶ್ಶಬ್ದವಾಗಿ ಓದುವವರಿಗೂ ಹಕ್ಕಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಸ್ಪರ್ಧಾ ಪರೀಕ್ಷೆಗಳಿಗೆ ಓದಲು ಮನೆಯಲ್ಲಿ ಜಾಗವಿಲ್ಲದ ಎಷ್ಟೋ ಯುವಕರು ಗ್ರಂಥಾಲಯವನ್ನೇ ನಂಬಿದ್ದಾರೆ. ಎರಡು ಹಕ್ಕುಗಳನ್ನೂ ಒಂದೇ ಕೋಣೆಯಲ್ಲಿ ಉಳಿಸಬೇಕಾದರೆ ಹೊತ್ತನ್ನು ಹಂಚಬೇಕು. ವಾರದಲ್ಲಿ ಒಂದು ಅಥವಾ ಎರಡು ಸಂಜೆ, ಒಂದು ಗಂಟೆಯ ಕಾಲ, ಸದ್ದು ಮಾಡಬಹುದಾದ ಹೊತ್ತು ಎಂದು ಬಾಗಿಲಲ್ಲಿ ಬರೆದು ಹಾಕಿದರೆ ಆಯಿತು. ಆ ಹೊತ್ತಿನಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಕಣ್ಣಿಲ್ಲದ ಮಗು, ಪುಸ್ತಕ ಹಿಡಿಯಲಾರದ ಮಗು, ಅಕ್ಷರಗಳು ಕಣ್ಣಮುಂದೆ ಸ್ಥಾನ ಬದಲಿಸುವಂತೆ ತೋರುವ ಮಗು, ಕುಳಿತಲ್ಲಿ ಕೂರಲಾರದೆ ತೂಗಾಡುವ ಮಗು ಎಲ್ಲರೂ ಕೇಳಲಿ. ಅವರೊಡನೆ ಊರಿನ ಉಳಿದ ಮಕ್ಕಳೂ ಕೇಳಲಿ. ಆ ಮಕ್ಕಳನ್ನಷ್ಟೇ ಬೇರೆ ಕೂರಿಸಿದರೆ ಅದೂ ಒಂದು ಒಳಕೋಣೆಯಾದೀತು. ಇದು ಪರದೇಶದಿಂದ ತರಬೇಕಾದ ಪದ್ಧತಿಯಲ್ಲ, ನಮ್ಮ ಜಗುಲಿಯದೇ ಪದ್ಧತಿ.

ಆದರೂ ಓದಿ ಹೇಳುವುದೊಂದೇ ಸಾಲದು. ವಿದ್ಯಾರ್ಥಿನಿಲಯದ ಆ ರಾತ್ರಿ ನನಗೆ ಕಲಿಸಿದ್ದು ಅದನ್ನೇ. ಮಗುವಿಗೆ ತಾನಾಗಿಯೇ ತಿರುವಬಹುದಾದ ಹಾಳೆಯೂ ಬೇಕು.

ಈ ಮಾತನ್ನು ನಮ್ಮ ಸಮಾಜಕ್ಕೆ ಹೇಳುವಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದಿರುವುದು ಹೇಗೆ? ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಕೈಹಿಡಿದು ವಿದ್ಯೆಗೆ ಹಚ್ಚಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾದರು. ಅವರು ತಮ್ಮಂಥ ಮಕ್ಕಳನ್ನು ಹುಡುಕಿ ತಂದು ಸಾಕಿ ಕಲಿಸಿದರು. ಆರು ತಿಂಗಳ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಅವರ ಮಡಿಲಿಗೆ ಬಂದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ 2010ರವರೆಗೆ, ತೊಂಬತ್ತಾರರ ವಯಸ್ಸಿನವರೆಗೆ, ಆಶ್ರಮವನ್ನು ಅವರೇ ನಡೆಸಿದರು. ಹಾಡಿದರು, ವಾದ್ಯಗಳನ್ನು ನುಡಿಸಿದರು, ಕನ್ನಡ ಸಂಸ್ಕೃತ ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಕಣ್ಣಿದ್ದ ಬಸವರಾಜ ರಾಜಗುರುಗಳೂ ಕಣ್ಣಿಲ್ಲದ ಪುಟ್ಟರಾಜರೂ ಒಬ್ಬನೇ ಗುರುವಿನ ಶಿಷ್ಯರು ಎಂಬುದನ್ನು ಗಮನಿಸಬೇಕು. ಅಲ್ಲಿ ಕಾಣುವವರಿಗೊಂದು, ಕಾಣದವರಿಗೊಂದು ಎಂದು ಎರಡು ಪಂಕ್ತಿಗಳಿರಲಿಲ್ಲ.

ಇಷ್ಟು ದೊಡ್ಡ ಮೇಲ್ಪಂಕ್ತಿಯನ್ನು ಕಂಡ ನಾವು ಅದರಿಂದ ಅರ್ಧ ಪಾಠವನ್ನಷ್ಟೇ ಕಲಿತೆವೋ ಎಂಬ ಸಂದೇಹ ನನಗುಂಟು. ಕಣ್ಣಿಲ್ಲದ ಮಗುವೆಂದರೆ ಹಾರ್ಮೋನಿಯಂ ಕೊಡಿಸಿ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸಂಗೀತದಲ್ಲಿ ಆಸೆಯಿದ್ದರೆ ಸರಿಯೇ. ಲೆಕ್ಕದಲ್ಲಿ ಆಸೆಯಿದ್ದ ಕುರುಡು ಮಗು ಏನು ಮಾಡಬೇಕು? ಗ್ರಹ ನಕ್ಷತ್ರಗಳ ವಿಷಯವನ್ನೋ ಕಾನೂನನ್ನೋ ಓದಬೇಕೆನ್ನುವ ಮಗುವಿಗೆ ದಾರಿ ಯಾವುದು? ಗವಾಯಿಗಳವರಿಗೆ ಗುರು ಸಿಕ್ಕರು. ಪ್ರತಿಯೊಂದು ಹಳ್ಳಿಗೂ ಅಂಥ ಗುರು ಸಿಗುವುದಿಲ್ಲ. ಆದರೆ ಪ್ರತಿಯೊಂದು ಪಂಚಾಯಿತಿಗೂ ಗ್ರಂಥಾಲಯವಿರಲು ಸಾಧ್ಯ.

ಬ್ರೈಲ್ ಲಿಪಿಯ ವಿಷಯವನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರುತ್ತಾರೆ, ನೋಡಿದವರು ಕಡಿಮೆ. ಫ್ರಾನ್ಸಿನ ಲೂಯಿ ಬ್ರೈಲ್ ಎಂಬ ಕಣ್ಣಿಲ್ಲದ ಯುವಕ 19ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ಲಿಪಿಯಿದು. ಆರು ಉಬ್ಬುಚುಕ್ಕೆಗಳ ಒಂದು ಮನೆ. ಅವುಗಳಲ್ಲಿ ಯಾವುವು ಉಬ್ಬಿವೆ ಎಂಬುದರಿಂದ ಅಕ್ಷರ ತಿಳಿಯುತ್ತದೆ. ಹೀಗೆ ಆಗಬಹುದಾದ ವಿನ್ಯಾಸಗಳು ಒಟ್ಟು 63. ಅರುವತ್ತುಮೂವರು ಪುರಾತನರನ್ನು ನಿತ್ಯವೂ ನೆನೆಯುವ ನಮಗೆ ಈ ಸಂಖ್ಯೆಯನ್ನು ಮರೆಯುವುದು ಕಷ್ಟ. ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮವಿರಲೆಂದು 1951ರಲ್ಲಿ ಭಾರತಿ ಬ್ರೈಲನ್ನು ಒಪ್ಪಿಕೊಳ್ಳಲಾಯಿತು. ಕನ್ನಡ ಬ್ರೈಲ್ ಅದರ ಒಂದು ಶಾಖೆ. ಕನ್ನಡದ ಕಣ್ಣಿನ ಓದಿನಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ ಹೀಗೆ ನಾಲ್ಕು ದಿಕ್ಕಿಗೂ ನೋಡಬೇಕು. ಬ್ರೈಲಿನಲ್ಲಿ ಎಲ್ಲವೂ ಒಂದರ ಮುಂದೊಂದು ಸಾಲಾಗಿ ಬರುತ್ತವೆ. ಬೆರಳು ಎಡದಿಂದ ಬಲಕ್ಕೆ ಸರಿಯುತ್ತ ಹೋದರೆ ಸಾಕು. ತೊಂದರೆಯೆಂದರೆ ಗಾತ್ರ. ದಪ್ಪ ಕಾಗದ, ದೊಡ್ಡ ಅಕ್ಷರ. ನಾವು ಒಂದು ಕೈಯಲ್ಲಿ ಹಿಡಿಯುವ ಪುಸ್ತಕ ಬ್ರೈಲಿನಲ್ಲಿ ಹಲವು ಸಂಪುಟಗಳಾಗುತ್ತದೆ. ಹಳ್ಳಿಯ ಚಿಕ್ಕ ಕೋಣೆಯಲ್ಲಿ ಅವನ್ನೆಲ್ಲ ಇಡುವುದು ಸುಲಭವಲ್ಲ. ಮಕ್ಕಳ ಕಥೆಗಳ ಹತ್ತು ಹದಿನೈದು ಪುಸ್ತಕಗಳನ್ನಿಟ್ಟು, ತಾಲ್ಲೂಕಿನ ಗ್ರಂಥಾಲಯಗಳು ತಮ್ಮತಮ್ಮಲ್ಲಿಯೇ ಬದಲಾಯಿಸಿಕೊಳ್ಳುವುದು ಮೇಲು.

ಪೂರಾ ಕಣ್ಣಿಲ್ಲದವರಿಗಿಂತ ಮಂದದೃಷ್ಟಿಯ ಮಕ್ಕಳು ಹೆಚ್ಚು. ಅವರ ಕಷ್ಟವನ್ನು ನಾವು ಸೋಮಾರಿತನವೆಂದು ತಿಳಿದು ಗದರಿಸುತ್ತೇವೆ. ಇವರಿಗೆ ಕನ್ನಡವೇ ಒಂದು ವಿಶೇಷ ತೊಡಕನ್ನು ಒಡ್ಡುತ್ತದೆ. ಅಕ್ಷರ ದೊಡ್ಡದಾಗಿದ್ದರೂ ಕೆಳಗಿನ ಒತ್ತು ಚಿಕ್ಕದು. 'ಅಜ್ಜ'ನ ಒತ್ತು ಕಾಣದಿದ್ದರೆ ಅವನು 'ಅಜ'ನಾಗುತ್ತಾನೆ, ಅಜ್ಜ ಹೋಗಿ ಆಡಾಗುತ್ತದೆ! ಮಕ್ಕಳ ಪುಸ್ತಕಗಳನ್ನು ಅಚ್ಚು ಹಾಕಿಸುವ ನಮ್ಮ ಮಠಗಳೂ ಪ್ರಕಾಶಕರೂ ಅಕ್ಷರಗಳನ್ನು ದಪ್ಪಗೊಳಿಸುವಾಗ ಒತ್ತಿನ ಗಾತ್ರವನ್ನೂ ಸಾಲುಗಳ ನಡುವಣ ಅಂತರವನ್ನೂ ನೋಡಬೇಕು. ಹುಟ್ಟುಕಿವುಡರಾದ ಮಕ್ಕಳಿಗಾದರೋ ಕೈಸನ್ನೆಯೇ ಮೊದಲ ಭಾಷೆ, ಅಚ್ಚಿನ ಕನ್ನಡ ಎರಡನೆಯದು. ಅವರಿಗೆ ಚಿತ್ರಗಳು ಹೇರಳವಾಗಿರುವ, ವಾಕ್ಯಗಳು ಚಿಕ್ಕದಾಗಿರುವ ಪುಸ್ತಕ ಬೇಕು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೂ ಅಂಥವೇ ಹಿತ.

ಸ್ವೀಡನ್ ದೇಶದಲ್ಲಿ ಇಂಥ ಪುಸ್ತಕಗಳನ್ನೆಲ್ಲ ಮಕ್ಕಳ ಗ್ರಂಥಾಲಯದಲ್ಲಿಯೇ ಒಂದು ಕಪಾಟಿನಲ್ಲಿ ಜೋಡಿಸಿ, ಅದಕ್ಕೆ ಸೇಬಿನ ಕಪಾಟು ಎಂದು ಹೆಸರಿಟ್ಟರು. ಮುಟ್ಟಿ ಓದುವ ಪುಸ್ತಕ, ಕೇಳುವ ಪುಸ್ತಕ, ಸುಲಭ ವಾಕ್ಯಗಳ ಪುಸ್ತಕ ಎಲ್ಲವೂ ಅಲ್ಲಿರುತ್ತವೆ. ಜಪಾನಿನ ಗ್ರಂಥಾಲಯಗಳೂ ಈ ಪದ್ಧತಿಯನ್ನು ಅನುಸರಿಸಿದವು. ನನಗೆ ಮೆಚ್ಚುಗೆಯಾದುದು ಆ ಹೆಸರು. ಅಂಗವಿಕಲರ ವಿಭಾಗ ಎಂಬ ಫಲಕವನ್ನು ನೋಡಿ ಯಾವ ಮಗುವೂ ಓಡಿ ಬರುವುದಿಲ್ಲ, ಯಾವ ತಾಯಿಯೂ ಸಂತೋಷದಿಂದ ಕರೆತರುವುದಿಲ್ಲ. ನಮ್ಮಲ್ಲಿ ಅಂಗವಿಕಲ ಎಂಬುದು ವಿಕಲಚೇತನವಾಯಿತು, ವಿಕಲಚೇತನ ವಿಶೇಷಚೇತನವಾಯಿತು. ಹೆಸರು ತಿದ್ದುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ತೆರಕಣಾಂಬಿಯ ಸೀಮೆಯಲ್ಲಿ ಸೇಬು ಬೆಳೆಯುವುದಿಲ್ಲವಾದ್ದರಿಂದ ಸೂರ್ಯಕಾಂತಿಯ ಕಪಾಟು ಎಂದು ಕರೆದರೆ ಚೆನ್ನಾಗಿರುತ್ತದೆ.

ಆ ಕಪಾಟಿನ ಬಹುಪಾಲನ್ನು ಹಣವಿಲ್ಲದೆ ತುಂಬಿಸಬಹುದು. ಮುಟ್ಟಿ ಓದುವ ಪುಸ್ತಕವನ್ನು ಹಳೆಯ ಬಟ್ಟೆಯಿಂದ ಹೊಲಿಯಬಹುದು. ಹಾಳೆಗೊಂದು ವಸ್ತು: ಒಂದರಲ್ಲಿ ರಾಗಿಕಾಳು ತುಂಬಿದ ಚಿಕ್ಕ ಚೀಲ, ಒಂದರಲ್ಲಿ ಅರಿಶಿನದ ಕೊಂಬು, ಒಂದರಲ್ಲಿ ಸೂರ್ಯಕಾಂತಿಯ ಬೀಜಗಳ ಸುತ್ತು, ಒಂದರಲ್ಲಿ ಎಮ್ಮೆಯ ಕೊಂಬಿನ ಆಕಾರದ ಒರಟು ಬಟ್ಟೆ. ಕಥೆಯನ್ನು ಓದುತ್ತಿರುವಾಗ ಮಗುವಿನ ಕೈ ಆ ಹಾಳೆಯ ಮೇಲಿರುತ್ತದೆ. ಮೂಗಿಗೂ ಕೆಲಸವುಂಟು. ನಮ್ಮ ಮಹಿಳಾ ಸಂಘಗಳ ತಾಯಂದಿರಿಗೆ ಇದು ಎರಡು ಮಧ್ಯಾಹ್ನಗಳ ಕೆಲಸ. ಕಾಳುಗಳ ಹೊಲಿಗೆ ಭದ್ರವಾಗಿರಬೇಕು, ಎಳೆಯ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂಬುದೊಂದೇ ಎಚ್ಚರ.

ಕೇಳುವ ಪುಸ್ತಕಗಳಿಗೆ ಬೇರೆ ದಾರಿಯಿದೆ. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯ ಎಂಬ ಅಂತರ್ಜಾಲದ ಗ್ರಂಥಭಂಡಾರದಿಂದ, ಅಚ್ಚನ್ನು ಓದಲಾರದವರು ಪುಸ್ತಕಗಳನ್ನು ಧ್ವನಿಯಾಗಿಯೂ ಬ್ರೈಲಾಗಿಯೂ ಪಡೆಯಬಹುದು. ಅಚ್ಚನ್ನು ಓದಲಾರದವರು ಎಂದರೆ ಕಣ್ಣಿಲ್ಲದವರು ಮಾತ್ರವಲ್ಲ. ಪುಸ್ತಕವನ್ನು ಹಿಡಿಯಲಾರದ, ಪುಟ ತಿರುವಲಾರದ ಮಕ್ಕಳೂ ಅದರಲ್ಲಿ ಸೇರುತ್ತಾರೆ. ನಾನು ಕಂಡ ಆ ಹೆಣ್ಣುಮಗುವೂ ಸೇರುತ್ತಾಳೆ. ಇಂಥವರಿಗಾಗಿ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಲೇಖಕರ ಅಪ್ಪಣೆ ಬೇಕಿಲ್ಲವೆಂದು 2012ರಲ್ಲಿಯೇ ನಮ್ಮ ಕೃತಿಸ್ವಾಮ್ಯದ ಕಾನೂನು ತಿದ್ದುಪಡಿಯಾಯಿತು. 2013ರ ಮರಕೇಶ್ ಒಪ್ಪಂದವನ್ನು ಜಗತ್ತಿನಲ್ಲಿ ಮೊದಲು ಅಂಗೀಕರಿಸಿದ ದೇಶವೂ ಭಾರತವೇ. ಗ್ರಂಥಾಲಯದಲ್ಲಿ ಗಣಕಯಂತ್ರವಿದ್ದರೆ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಬೆಲೆಯಿಲ್ಲದೆ ಹಾಕಿಕೊಳ್ಳಬಹುದು. ಆಸ್ಟ್ರೇಲಿಯಾದ ಇಬ್ಬರು ಕಣ್ಣಿಲ್ಲದ ಯುವಕರು ಸಿದ್ಧಪಡಿಸಿದ ಅದು ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ಧ್ವನಿಯೇನೋ ಯಂತ್ರದ್ದೇ, ನಮ್ಮ ಗಮಕಿಗಳ ಇಂಪು ಅದಕ್ಕಿಲ್ಲ. ಆದರೆ ಅದಕ್ಕೆ ನಿದ್ದೆ ಬರುವುದಿಲ್ಲ, ಎರಡು ಪುಟಗಳನ್ನು ಒಟ್ಟಿಗೆ ಮಗುಚುವುದೂ ಇಲ್ಲ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರು ತಮ್ಮ ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ತೆಗೆದು ನೋಡಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ಕಂದಾಯದ ಮೇಲೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತಾರೆ. ನೂರು ರೂಪಾಯಿಗೆ ಆರು ರೂಪಾಯಿ. ಮಗುವನ್ನು ಒಳಕೋಣೆಯಲ್ಲಿ ಮಲಗಿಸಿದ ಮನೆಯವರೂ ಆ ಕರವನ್ನು ಕಟ್ಟಿರುತ್ತಾರೆ. ಗ್ರಾಮ ಪಂಚಾಯಿತಿಯು ತನ್ನ ಸ್ವಂತ ವರಮಾನದಲ್ಲಿ ನೂರಕ್ಕೆ ಐದರಷ್ಟನ್ನು ವಿಶೇಷಚೇತನರಿಗಾಗಿಯೇ ಖರ್ಚು ಮಾಡಬೇಕೆಂಬ ಆದೇಶವೂ ಇದೆ. ಆ ಹಣವನ್ನು ವರ್ಷದ ಕೊನೆಯಲ್ಲಿ ಆತುರಾತುರವಾಗಿ ಯಾವುದೋ ಸಲಕರಣೆ ಹಂಚಿ ಮುಗಿಸುವ ಬದಲು, ಗ್ರಾಮಸಭೆಯಲ್ಲಿ ಮೊದಲೇ ಕೇಳಿ ಗ್ರಂಥಾಲಯದ ಇಳಿಜಾರಿಗೂ ಕಪಾಟಿಗೂ ತೆಗೆದಿರಿಸಬಹುದು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳು ಎಲ್ಲರೂ ಪ್ರವೇಶಿಸುವಂತಿರಬೇಕೆಂದು ವಿಧಿಸಿದೆ. ಅದಕ್ಕೆ ಕೊಟ್ಟಿದ್ದ ಐದು ವರ್ಷಗಳ ಗಡುವು 2022ಕ್ಕೆ ಮುಗಿದೂ ಹೋಯಿತು. ಕೇಳುವವರು ದಯೆಯನ್ನು ಬೇಡುತ್ತಿಲ್ಲವೆಂಬುದು ಕೇಳುವವರಿಗೂ ತಿಳಿದಿರಬೇಕು.

ಸರ್ಕಾರವು ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯ. ನಮ್ಮ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಮೇಲೆ ಎಷ್ಟೋ ಕಡೆ ಸುಣ್ಣಬಣ್ಣ ಕಂಡವು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯಿತು. ಈಗ ಅವುಗಳಿಗೆ 'ಅರಿವು ಕೇಂದ್ರ' ಎಂಬ ಹೆಸರೂ ಬಂದಿದೆ. ಅರಿವು ಎಂಬ ಮಾತಿನ ತೂಕ ನಮ್ಮ ಓದುಗರಿಗೆ ಗೊತ್ತು. ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾವ ಮಗುವಿದೆ ಎಂಬ ಪಟ್ಟಿ ಅವರಲ್ಲಿರುತ್ತದೆ. ಶಾಲೆಗೆ ಬರಲಾರದ ಮಕ್ಕಳ ಮನೆಗೇ ಹೋಗಿ ಕಲಿಸುವ ಶಿಕ್ಷಕರು ಶಿಕ್ಷಣ ಇಲಾಖೆಯಲ್ಲಿದ್ದಾರೆ. ಇವರಿಬ್ಬರೂ ಗ್ರಂಥಾಲಯದ ಮೇಲ್ವಿಚಾರಕರೂ ತಿಂಗಳಿಗೊಮ್ಮೆ ಕುಳಿತು ಮಾತನಾಡಿದರೆ ಅರ್ಧ ಕೆಲಸ ಆದಂತೆ.

ಮಿಕ್ಕ ಅರ್ಧ ನಮ್ಮ ಮನೆಗಳದು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರೆಂದು ಲೆಕ್ಕ ಸಿಕ್ಕಿತು. ಎಣಿಸಲು ಬಂದವರಿಗೆ ಹೇಳದೆ ಉಳಿಸಿದ ಮಕ್ಕಳೂ ಇದ್ದಾರು. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಂಗಿಯನ್ನು ಮುಚ್ಚಿಡುವ ಮನೆಗಳನ್ನು ನಾನು ಬಲ್ಲೆ, ನೀವೂ ಬಲ್ಲಿರಿ. ಹಿಂದಿನ ಜನ್ಮದ ಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವ ಮಾತನ್ನು ಶರಣರ ಹೆಸರು ಹೇಳುವ ಮನೆಗಳಲ್ಲಿ ಕೇಳಿದಾಗ ನನಗೆ ದುಃಖಕ್ಕಿಂತ ಸಿಟ್ಟು ಬರುತ್ತದೆ. ಇಷ್ಟಲಿಂಗವನ್ನು ಕಟ್ಟುವಾಗ ಆ ಮಗುವಿಗೂ ಕಟ್ಟಿದ್ದೇವಲ್ಲವೆ? ಬಾಗಿಲು ಎಷ್ಟೇ ಅಗಲವಾದರೂ ಕರೆದುಕೊಂಡು ಹೋಗುವವರಿಲ್ಲದೆ ಮಗು ಒಳಗೆ ಬಾರದು.

ಆ ಮನೆಯವರಿಗೆ ಈ ಮಾತುಗಳಲ್ಲಿ ಕೆಲವನ್ನು ಅಂದು ಹೇಳಿ ಬಂದೆ. ತಂದೆ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದಾರೆ. ಹದಿನೆಂಟು ಅಡಿ ಎಂಬುದನ್ನು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ. ಗ್ರಂಥಾಲಯದ ಮೇಲ್ವಿಚಾರಕಿ ಮಾತ್ರ ಉತ್ತರಕ್ಕೆ ಕಾಯದೆ, ಸಂಜೆ ಪತ್ರಿಕೆ ಓದುವವರು ಎದ್ದುಹೋದ ಮೇಲೆ ಮಗುವನ್ನು ಕರೆತರಲು ಹೇಳಿ ಕಳುಹಿಸಿದರು. ಈಗ ವಾರಕ್ಕೊಮ್ಮೆ ಹೋಗುತ್ತಾರೆ, ಸದ್ಯಕ್ಕೆ ತಂದೆಯ ತೋಳುಗಳ ಮೇಲೆಯೇ. ಜೊತೆಗೆ ಬೀದಿಯ ಐದಾರು ಮಕ್ಕಳೂ ಹೋಗುತ್ತಾರೆ.

ಮೊನ್ನೆ ಆ ಅಜ್ಜಿ ದೂರವಾಣಿ ಮಾಡಿದ್ದರು. ಬಟ್ಟೆಯ ಪುಸ್ತಕ ಹೊಲಿಯುತ್ತಿದ್ದಾರೆ. ಬಂಡೀಪುರದ ಆನೆಯ ಹಾಳೆ ಬಂದಿದೆ, ಸೊಂಡಿಲಿಗೆ ಏನು ಹೊಲಿಯಲಿ ಎಂಬುದು ಅವರ ಪ್ರಶ್ನೆ. ಮೊಮ್ಮಗಳನ್ನೇ ಕೇಳಿ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಜ್ಜಿಯ ನಗು ಕೇಳಿಸಿತು. ಮುಂದಿಟ್ಟ ಬಟ್ಟೆಯ ಚೂರುಗಳನ್ನೆಲ್ಲ ದೂಡಿ, ಮೂಲೆಯಲ್ಲಿದ್ದ ಗೋಣಿಯ ದಾರವನ್ನು ಹಿಡಿದುಕೊಂಡಿದ್ದಾಳಂತೆ, ಬಿಡುತ್ತಿಲ್ಲವಂತೆ.